ಮಳೆಗೆ ಅಂಜದ ಜೀಪಿನ ಹಿಂದಿನ ಕೈ

ಬೆಳಗಿನ ಐದೂಕಾಲು. ಛತ್ರಪತಿ ಸಂಭಾಜಿನಗರದ ಚಿಕಲಠಾಣಾದಲ್ಲಿ ಮೊದಲ ಪಾಳಿಯ ಕಾರ್ಮಿಕರು ಕಂಪನಿ ಬಸ್ಸಿಗೆ ಕಾಯುತ್ತಿದ್ದಾರೆ. ಪಕ್ಕದ ಓಣಿಯ ತಗಡಿನ ಶೆಡ್ಡಿನಲ್ಲಿ ವೈಜನಾಥ ಹಳೆಯ ಜೀಪೊಂದರ ಬಾನೆಟ್ ಎತ್ತಿ, ಉರಿಯುತ್ತಿದ್ದ ಒಂದೇ ಒಂದು ದೀಪವನ್ನೂ ಆರಿಸುತ್ತಾರೆ. ಎಂಜಿನ್ ಗುರುಗುಡುತ್ತಿದೆ. ಬಾಟಲಿಯಿಂದ ಅದರ ಮೇಲೆ ಒಂದಷ್ಟು ನೀರು ಚಿಮುಕಿಸಿ, ಕತ್ತಲಲ್ಲಿ ಕಣ್ಣು ನೆಟ್ಟು ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಕಪ್ಪು ವೈರೊಂದರ ಮೈಮೇಲೆ ನೀಲಿ ಕಿಡಿಯೊಂದು ಚಿಟಿಚಿಟಿ ಎನ್ನುತ್ತ ಹರಿದಾಡುತ್ತದೆ.

"ಸಿಕ್ಕ ನೋಡ್ರಿ ಕಳ್ಳ," ಎನ್ನುತ್ತಾರೆ ಅವರು. "ಬೆಳಕಾತಂದ್ರ ಇಂವ ಕಣ್ಣಿಗಿ ಬೀಳಲ್ಲ. ಮಂದಿ ಅಂತಾರ, ವೈಜೂ ಮಿಸ್ತ್ರಿ ಭಾಳ ದುಡೀತಾನ, ಐದಕ್ಕೇ ಬರ್ತಾನ ಅಂತ. ದುಡ್ಯಾದೇನಿಲ್ರಿ, ನನಗ ಕತ್ತಲಿ ಬೇಕು, ಅಷ್ಟೇ."

ಬೀದರ್ ಜಿಲ್ಲೆಯ ಭಾಲ್ಕಿ ಕಡೆಯ ವೈಜನಾಥರಿಗೆ ಈಗ ಐವತ್ನಾಲ್ಕು. ಈ ಊರಿಗೆ ಬಂದು ಮೂವತ್ತೊಂದು ವರ್ಷವಾಯಿತು. ಅಂಗಡಿಗೆ ಬೋರ್ಡಿಲ್ಲ. ದಿನಕ್ಕೆ ಎಂಟು ಹತ್ತು ಗಾಡಿ ಬರುತ್ತವೆ. ಹೆಚ್ಚಿನವು ಹಾರ್ನು, ಹೆಡ್‌ಲೈಟು, ಬ್ಯಾಟರಿಯ ಕೆಲಸಕ್ಕೆ. ಆದರೆ ನಾಲ್ಕೂ ಚಕ್ರದಿಂದ ಎಳೆಯುವ ಹಳೆಯ ಪೆಟ್ರೋಲ್ ಜೀಪು ಬಂತೆಂದರೆ ಮಿಸ್ತ್ರಿಯ ಮುಖವೇ ಬೇರೆಯಾಗುತ್ತದೆ. ಕಡಿಮೆಯೆಂದರೂ ಅಂಥ ಅರವತ್ತು ಜೀಪುಗಳು ಅವರ ಕೈಯಲ್ಲಿ ಹೊಸ ಜೀವ ಪಡೆದಿವೆ.

ಇಪ್ಪತ್ತು ಮೂವತ್ತು ವರ್ಷದ ಹಿಂದಿನ ಈ ಗಾಡಿಗಳಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಇದೆ ನಿಜ, ಆದರೆ ಅದು ಆ ಕಾಲದ್ದು. ಕಿಡಿ ಹುಟ್ಟಿಸುವ ಕಾಯಿಲ್‌ಗೆ ಕಸುವಿಲ್ಲ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿ ಚಿಕ್ಕದು. ತೇವ ಹೊಕ್ಕರೆ ಕಿಡಿ ಅಡ್ಡದಾರಿ ಹಿಡಿಯುತ್ತದೆ, ಗಾಡಿ ನಿಲ್ಲುತ್ತದೆ. ಆಗ ಮಂದಿ ಪೆಟ್ರೋಲ್ ಪಂಪು ಬದಲಿಸುತ್ತಾರೆ, ಕಾರ್ಬುರೇಟರ್ ಬಿಚ್ಚಿ ಗುಡ್ಡೆ ಹಾಕುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ವೈಜನಾಥರು ಅವುಗಳ ತಂಟೆಗೇ ಹೋಗದೆ ಕಸುವುಳ್ಳ ಕಾಯಿಲ್, ಕಿಡಿಯ ಡಬ್ಬಿಗೆ ಅಗಲವಾದ ಮುಚ್ಚಳ, ಅದರೊಳಗೆ ತಿರುಗಿ ಕಿಡಿ ಹಂಚಲು ಉದ್ದನೆಯ ರೋಟರ್, ದಪ್ಪ ವೈರು, ಹೊಸ ಪ್ಲಗ್ಗು ಹಾಕುತ್ತಾರೆ. ಕಿಡಿ ಯಾವಾಗ ಹಾರಬೇಕೆಂದು ಹೇಳುವ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಎಂಜಿನ್ನಿನ ಬಿಸಿ ತಾಗದಷ್ಟು ದೂರ ಕೂರಿಸುತ್ತಾರೆ. ಸಾಮಾನು ಹುಡುಕಿ ತರಿಸುವುದು ಮಗಳು ನಿರುಪಮಾ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಮರಾಠಿಯಲ್ಲಿ ಉತ್ತರಿಸುತ್ತಾಳೆ. ಸಾಮಾನು ಮಾತ್ರ ತಪ್ಪುವುದಿಲ್ಲ.

ಇಷ್ಟು ಬಲ್ಲ ಮನುಷ್ಯನೂ ಒಮ್ಮೆ ಎಡವಿದ್ದಾರೆ. ಅದನ್ನು ಮುಚ್ಚಿಡುವ ಸ್ವಭಾವ ಅವರದಲ್ಲ.

ನಾಶಿಕ್ ಜಿಲ್ಲೆಯ ನಿಫಾಡ್ ಹತ್ತಿರ ಒಂದು ದ್ರಾಕ್ಷಿ ತೋಟವಿದೆ. ಕಲಬುರಗಿ ಜಿಲ್ಲೆಯ ಮಹಾದೇವಪ್ಪ ಅದರ ಕಾವಲುಗಾರ. ಹಿಂದೊಮ್ಮೆ ಚಿಕಲಠಾಣಾದ ಕಟ್ಟಡದ ಕೆಲಸಕ್ಕೆ ಬಂದಿದ್ದಾಗ ವೈಜನಾಥರಿಗೂ ಅವನಿಗೂ ಗುರುತಾಗಿ, ಆಮೇಲೆ ಅಣ್ಣತಮ್ಮಂದಿರ ಹಾಗೇ ಆದರು. ಮಹಾದೇವಪ್ಪನ ಹೆಂಡತಿ ಶಾಂತಾಬಾಯಿಗೆ ಎರಡೂ ಮೂತ್ರಪಿಂಡ ಕೆಟ್ಟಿವೆ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಏಳೂವರೆಗೆ ನಾಶಿಕ್‌ನಲ್ಲಿ ಡಯಾಲಿಸಿಸ್. ತಡವಾದರೆ ಪಾಳಿ ಮುಂದಿನವರಿಗೆ ಹೋಗುತ್ತದೆ. ತೋಟದಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರ್ ಕರಿಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಅಲ್ಲಿ ರಿಕ್ಷಾ ಬರುವುದಿಲ್ಲ. ತೋಟದ ಮಾಲೀಕರು ಬಿಟ್ಟುಕೊಟ್ಟ ಹಳೆಯ ಜೀಪೇ ಗತಿ.

ಜೂನ್‌ನಲ್ಲಿ ಮಹಾದೇವಪ್ಪ ಆ ಜೀಪನ್ನು ವೈಜನಾಥರ ಬಳಿಗೆ ತಂದಿದ್ದ. ಕಿಡಿ ಹಂಚುವ ಡಬ್ಬಿಯ ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕು. ಅಂದು ಕೈತುಂಬ ಕೆಲಸವಿದ್ದ ಮಿಸ್ತ್ರಿ ಬಿರುಕಿಗೆ ಅಂಟು ಮೆತ್ತಿ, ಈ ಮಳೆಗಾಲ ದಾಟುತ್ತದೆ ಹೋಗು ಎಂದುಬಿಟ್ಟರು. ಜುಲೈನ ಒಂದು ಶುಕ್ರವಾರ ಜೀಪು ಹಳ್ಳದ ನಡುವೆ ಸುಮ್ಮನಾಯಿತು. ಪಾಳಿ ತಪ್ಪಿತು. ಮೈಯಲ್ಲಿ ನೀರು ತುಂಬಿ, ಉಸಿರಿಗೆ ಒದ್ದಾಡಿದ ಶಾಂತಾಬಾಯಿಯನ್ನು ಎರಡು ದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಮೇಲಿಟ್ಟರು.

"ಅವರು ನನಗ ಒಂದ್ ಮಾತು ಅಂದಿಲ್ರಿ," ಎನ್ನುವಾಗ ವೈಜನಾಥರ ದನಿ ಇಳಿಯುತ್ತದೆ. "ಬೈದಿದ್ರ ಛಲೋ ಇತ್ತು. ನಾ ಹಚ್ಚಿದ ಅಂಟು ಅದು."

ಆ ತಪ್ಪು ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಆಗಸ್ಟ್‌ನ ಒಂದು ಭಾನುವಾರ, ಯಾರೂ ಕರೆಯದಿದ್ದರೂ ಸಾಮಾನಿನ ಚೀಲ ಹೆಗಲಿಗೇರಿಸಿ ರೈಲು ಹತ್ತಿದರು. ಮನಮಾಡ, ಲಾಸಲಗಾಂವ್ ದಾಟಿ ನಿಫಾಡಿನಲ್ಲಿಳಿದು, ಅರ್ಧ ದಿನ ಕೂತು ಜೀಪಿನ ಇಗ್ನಿಷನ್ ಪೂರ್ತಿ ಬದಲಿಸಿದರು. ಬಿಂದಿಗೆ ನೀರು ಹೊಯ್ದು ನೋಡಿದರು. ಎಂಜಿನ್ ಒಂದು ಸಲವೂ ತೊದಲಲಿಲ್ಲ. "ಇನ್ನ ಅಂಜಬ್ಯಾಡವ್ವ," ಎಂದು ಶಾಂತಾಬಾಯಿಗೆ ಮಾತು ಕೊಟ್ಟು ಬಂದರು.

ಮಂಗಳವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಫೋನು.

"ಅಣ್ಣಾ, ಗಾಡಿ ಚಾಲೂ ಆಗಲ್ಲಾಗ್ಯಾದ," ಎಂದ ಮಹಾದೇವಪ್ಪ.

ನಿಫಾಡ್ ಇಲ್ಲಿಂದ ನಾಲ್ಕು ತಾಸಿನ ದಾರಿ. ಹಾರಿ ಹೋಗುವ ಹಾಗಿಲ್ಲ. ವೈಜನಾಥರು ಒಂದೊಂದೇ ಕೇಳಿದರು.

"ಮಳಿ ಬಂದದೇನು?"

"ಇಲ್ಲಣ್ಣ, ನೆಲ ಒಣಗಿದ್ದೇ ಅದ."

"ಸೆಲ್ಫ್ ತಿರಗ್ತದೇನು?"

"ತಿರಗ್ತದ. ಎಂಜಿನ್ ಹಿಡಿಯಲ್ಲ. ನಿನ್ನಿ ಸಂಜಿಗಿ ಒಂದೇ ಸಲಕ್ಕ ಹಿಡದಿತ್ತು."

"ಹಂಗಂದ್ರ ನಡುವ ಯಾರೋ ಬಾನೆಟ್ ಎತ್ಯಾರ. ಖರೇ ಹೇಳು."

ಆ ಕಡೆ ಫೋನು ಕೈ ಬದಲಾಯಿಸಿತು. "ನಾನೇ ಎತ್ತೀನ್ರಿ ಅಣ್ಣಾ," ಎಂದಳು ಶಾಂತಾಬಾಯಿ. "ದಿನಾ ಎತ್ತತೀನಲ್ಲ."

ಆ ಜೀಪಿನ ಬೀಗ ಹೆಸರಿಗಷ್ಟೇ. ಯಾವ ಕೀಲಿ ಹಾಕಿದರೂ ತಿರುಗುತ್ತದೆ. ಕಳ್ಳರ ಭಯಕ್ಕೆ ಹಳೆಯ ಜೀಪಿನವರು ರಾತ್ರಿ ರೋಟರನ್ನೇ ಕಿತ್ತು ಮನೆಯೊಳಗೆ ಇಟ್ಟುಕೊಳ್ಳುವುದುಂಟು. ಅದಿಲ್ಲದೆ ಗಾಡಿ ಹೊರಡದು. ಶಾಂತಾಬಾಯಿ ಆರು ವರ್ಷದಿಂದ ಅದನ್ನು ಬಟ್ಟೆಯಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಡುತ್ತಾ ಬಂದಿದ್ದಳು. ಸೋಮವಾರ ರಾತ್ರಿ ಹೊಸದನ್ನೂ ಹಾಗೇ ಇಟ್ಟಳು. ಭಾನುವಾರ ಬಿಚ್ಚಿದ ಹಳೆಯದನ್ನು 'ಇರಲಿ, ಒಗೀಬ್ಯಾಡ್ರಿ' ಎಂದು ಅವಳ ಕೈಗೆ ಕೊಟ್ಟಿದ್ದವರು ಬೇರೆ ಯಾರೂ ಅಲ್ಲ, ಇದೇ ಮಿಸ್ತ್ರಿ. ಅದೂ ಅದೇ ಡಬ್ಬಿ ಸೇರಿತ್ತು. ನಸುಕಿನಲ್ಲಿ ಕೈಗೆ ಸಿಕ್ಕಿದ್ದನ್ನು ಅವಳು ಗಾಡಿಗೆ ಹಾಕಿದ್ದಳು.

"ಆ ಹಳೀ ಸಣ್ಣದು ಕೂಡತದ, ಆದ್ರ ಅಗಲ ಮುಚ್ಚಳಕ್ಕ ಅದರ ಕೈ ಮುಟ್ಟಲ್ರಿ," ಎಂದು ವೈಜನಾಥರು ತೋರುಬೆರಳು ಮಡಚಿ ತೋರಿಸುತ್ತಾರೆ. "ನಾ ಅಂದೆ, ಯವ್ವಾ, ಹಿಟ್ಟಿನ್ಯಾಗ ಇನ್ನೊಂದದ. ಉದ್ದಂದು. ಅದನ್ನ ತಾ. ಹಿಟ್ಟು ಛಂದಂಗ ಒರಸು."

ಫೋನು ಹಾಗೇ ಚಾಲೂ ಇತ್ತು. ಓಡಿದ ಹೆಜ್ಜೆ, ಡಬ್ಬಿಯ ಮುಚ್ಚಳ, ಮಹಾದೇವಪ್ಪನ ಗೊಣಗಾಟ. ಸೆಲ್ಫ್ ಒಮ್ಮೆ ತಿರುಗಿತು. ಎಂಜಿನ್ ಹಿಡಿಯಿತು. ವೈಜನಾಥರು ಶೆಡ್ಡಿನಲ್ಲಿ ಒಬ್ಬರೇ ಕೂತು ನಕ್ಕರು. ಏಳೂ ಇಪ್ಪತ್ತಕ್ಕೆ ಮಹಾದೇವಪ್ಪ ಆಸ್ಪತ್ರೆಯ ಬಾಗಿಲಿಂದ ಫೋನು ಮಾಡುವವರೆಗೆ ಅವರು ಬೇರೆ ಗಾಡಿ ಮುಟ್ಟಲಿಲ್ಲ.

ಮರುವಾರ ಮತ್ತೆ ಹೋಗಿ, ಸೀಟಿನ ಕೆಳಗೆ ಕಣ್ಣಿಗೆ ಬೀಳದಂತೆ ಒಂದು ಸ್ವಿಚ್ ಕೂರಿಸಿ ಬಂದರು. ಈ ಕಡೆಯವರು ಅದಕ್ಕೆ ಚೋರ್ ಸ್ವಿಚ್ ಎನ್ನುತ್ತಾರೆ. ಅದು ಆಫ್ ಇದ್ದರೆ ಕಿಡಿ ಹುಟ್ಟುವುದಿಲ್ಲ. ಇನ್ನು ರೋಟರ್ ಕೀಳುವ ಕೆಲಸವಿಲ್ಲ. ಹಳೆಯ ರೋಟರನ್ನು ತಾವೇ ಜೇಬಿಗೆ ಹಾಕಿಕೊಂಡು ಬಂದು ಗುಜರಿಗೆ ಎಸೆದರು.

ಏನಾದರೂ ಆಸೆಯಿದೆಯೇ ಎಂದರೆ ವೈಜನಾಥರು ತಲೆ ಕೆರೆದುಕೊಳ್ಳುತ್ತಾರೆ. "ಶೆಡ್ಡಿನ ತಗಡು ಸೋರ್ತದ, ಬದಲಿ ಮಾಡಬೇಕು," ಎಂದು ಕೈ ಒರೆಸಿಕೊಳ್ಳುತ್ತಾರೆ. ಮತ್ತೆ ತಡೆದು, ತುಸು ನಾಚಿಕೊಂಡೇ ಹೇಳುತ್ತಾರೆ:

"ಮೊದಲೆಲ್ಲಾ ರಾತ್ರಿ ಮಳಿ ಬಂತಂದ್ರ ಶಾಂತಾಬಾಯಿ ಎದ್ದು ಕೂತು ಬೆಳಗ ಮಾಡ್ತಿದ್ದಳಂತ್ರಿ, ನಾಳಿ ಗಾಡಿ ಹಳ್ಳ ದಾಟ್ತದೋ ಇಲ್ಲೋ ಅಂತ. ಹೋದ ಗುರುವಾರ ರಾತ್ರಿ ಆ ಕಡಿ ಭಾರಿ ಮಳಿ ಆಗ್ಯಾದ. ಶುಕ್ರವಾರ ಮುಂಜಾನಿ ಬಾಗಿಲ ತೆಗದು ಅಂಗಳದಾಗ ನೀರು ನಿಂತದ್ದು ನೋಡಿ, ಗಂಡಗ ಕೇಳ್ಯಾಳಂತ್ರಿ, ರಾತ್ರಿ ಮಳಿ ಬಂದಿತ್ತೇನು ಅಂತ."