ಬಿಟ್ಟುಬಿಟ್ಟ ಅಳತೆ

ನಮ್ಮ ಶಾಲೆಯ ಮಕ್ಕಳು ವಿಜ್ಞಾನದ ಮೇಡಂಗೆ ಇಟ್ಟ ಅಡ್ಡಹೆಸರು ‘ಉಸಿರು ಮೇಡಂ’. ಏಳನೇ ತರಗತಿಗೆ ಉಸಿರಾಟದ ಪಾಠವನ್ನು ಅವರಷ್ಟು ಚೆನ್ನಾಗಿ ಹೇಳುವವರನ್ನು ನಾನು ನೋಡಿಲ್ಲ. ಪಕ್ಕದ ಕೋಣೆಯಲ್ಲಿ ನನ್ನ ಗಣಿತಕ್ಕೆ ಮಕ್ಕಳು ಆಕಳಿಸುತ್ತಿದ್ದರೆ ಅವರ ಕೋಣೆಯಲ್ಲಿ ಗದ್ದಲವೋ ಗದ್ದಲ. ನನಗೆ ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ.

ಆ ಗದ್ದಲಕ್ಕೆ ಕಾರಣ ಐದು ಲೀಟರಿನ ಒಂದು ಪ್ಲಾಸ್ಟಿಕ್ ಕ್ಯಾನು. ಅದರ ಮೈಮೇಲೆ ಅರ್ಧರ್ಧ ಲೀಟರಿಗೊಂದು ಗೆರೆ. ಕ್ಯಾನಿನ ತುಂಬ ನೀರು ತುಂಬಿ, ನೀರಿನ ಟಬ್ಬಿನಲ್ಲಿ ಬೋರಲು ಹಾಕಿ, ಕೆಳಗಿನಿಂದ ರಬ್ಬರ್ ಕೊಳವೆ ತೂರಿಸುತ್ತಿದ್ದರು. ಎದೆ ತುಂಬ ಗಾಳಿ ಎಳೆದುಕೊಂಡು ಒಂದೇ ದಮ್ಮಿಗೆ ಊದಬೇಕು. ಎಷ್ಟು ನೀರು ಹೊರಬಿತ್ತೋ ಅಷ್ಟು ಗಾಳಿ ಶ್ವಾಸಕೋಶದಿಂದ ಬಂತು ಎಂದರ್ಥ. ಪ್ರತಿ ವರ್ಷ ಪಾಠದ ಹಿಂದಿನ ದಿನ ಮೇಡಂ ಮನೆಯಲ್ಲಿ ಅದನ್ನು ಪರೀಕ್ಷಿಸುವರು. ತಾವು ಊದುವರು, ನಾದಿನಿಯಿಂದ ಊದಿಸುವರು, ಕೊನೆಗೆ ಗಂಡನಿಂದ. ಆ ಮೂರು ಅಳತೆಗಳ ಪಟ್ಟಿ ಮರುದಿನ ತರಗತಿಯ ಗೋಡೆಗೆ.

ಗಂಡನದು ಯಾವಾಗಲೂ ನಾಲ್ಕೂವರೆ. ಅವರಿಗೆ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಕೆಲಸ. ಅಡುಗೆಕಟ್ಟೆಗೆ ಹಾಸುವ ಚಪ್ಪಡಿ ಕೊಯ್ದು ಹೊಳಪು ಕೊಡುತ್ತಿದ್ದರು. ಆಳು ಗಟ್ಟಿ. “ನಮ್ಮನೆಯವರ ದಮ್ಮಿಗೆ ಸರಿಸಾಟಿ ಯಾರಿದ್ದಾರೆ ಹೇಳಿ” ಎಂದು ಮೇಡಂ ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚುವುದೂ ಇತ್ತು.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೇಡಂ ನನ್ನ ಮೇಜಿನ ಹತ್ತಿರ ಬಂದರು.

“ಸರ್, ಒಂದು ಅಳತೆ ಮಾತ್ರ ಹಿಂದಿನದ್ಯಾವುದಕ್ಕೂ ಹೊಂದದೇ ಬಂದ್ರೆ ಏನ್ಮಾಡೋದು?”

ನಾನು ಉತ್ತರ ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ತಪ್ಪು ಅಂತ ಬಿಟ್ಟುಬಿಡಿ ಮೇಡಂ.”

“ನಾನೂ ಹಾಗೇ ಅಂದ್ಕೊಂಡೆ. ಇವರು ಎರಡೂವರೆ ಊದಿ ಹಲ್ಲು ಕಿರಿದುಕೊಂಡು ಕೂತ್ರು. ಬರೀ ಹುಡುಗಾಟ.”

ಇಬ್ಬರೂ ನಕ್ಕೆವು. ಪಟ್ಟಿಯಲ್ಲಿ ಹಿಂದಿನ ವರ್ಷದ ನಾಲ್ಕೂವರೆಯೇ ಉಳಿಯಿತು. ಇನ್ನೊಂದು ಸಲ ಊದಿಸಿ ನೋಡಿ ಎನ್ನಲು ನನ್ನ ನಾಲಿಗೆಗೆ ಏನಾಗಿತ್ತು? ಮಕ್ಕಳಿಗಾದರೆ ಮೂರು ಮೂರು ಸಲ ಅಳೆಯಿರಿ ಎಂದು ಬಾಯಿ ಬಡಕೊಳ್ಳುತ್ತೇವೆ. ದೀಪದ ಬುಡ ಕತ್ತಲೆ ಎಂದರೆ ಇದೇ.

ಮುಂದಿನ ವರ್ಷ ಗಂಡ ಕೆಲಸದ ನೆಪ ಹೇಳಿ ಊದಲು ಸಿಗಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಹೋದ ವರ್ಷ ಮನೆಯ ನಾಲ್ಕು ಮೆಟ್ಟಿಲು ಹತ್ತಿ ಬಾಗಿಲಲ್ಲೇ ಕುಸಿದು ಕೂತರು. ಆಸ್ಪತ್ರೆಗೆ ನಾನೂ ಹೋಗಿದ್ದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

“ಕಲ್ಲಿನ ದೂಳು. ಒಳಗೆ ಕೂತು ಶ್ವಾಸಕೋಶಾನೇ ಗಟ್ಟಿ ಮಾಡಿಬಿಟ್ಟಿದೆ. ಯಾವಾಗಿಂದ ದಮ್ಮು ಕಮ್ಮಿಯಾಯ್ತು? ಮೂರು ನಾಲ್ಕು ವರ್ಷದ ಹಿಂದೇನೇ ಆ ಕೆಲಸ ಬಿಡಿಸಿದ್ರೆ ಇಷ್ಟು ದೂರ ಬರ್ತಿರಲಿಲ್ವೇನೋ.”

“ಈ ವರ್ಷದಿಂದ ಅಷ್ಟೇ” ಎಂದರು ಗಂಡ. ಮೇಡಂ ನನ್ನ ಮುಖ ನೋಡಿದರು. ನಾನು ಎಕ್ಸ್‌ರೇ ನೋಡುತ್ತ ನಿಂತೆ.

ಅಂದಿನಿಂದ ಮೇಡಂಗೆ ಇರುವುದು ಒಂದೇ ಪ್ರಶ್ನೆ. ಆ ಎರಡೂವರೆ ಹುಡುಗಾಟವೋ ನಿಜವೋ? ಹುಡುಗಾಟವಾಗಿದ್ದರೆ ಕಾಯಿಲೆ ಬಂದದ್ದು ಆಮೇಲೆ. ನಿಜವಾಗಿದ್ದರೆ ಅದನ್ನು ಕಣ್ಣಾರೆ ಕಂಡು ಕೈಯಾರೆ ಬಿಟ್ಟವರು ಅವರೇ. ದಿನಕ್ಕೊಮ್ಮೆ ಗಂಡನನ್ನು ಕೇಳುವರು. “ಹುಡುಗಾಟ ಕಣೇ, ಎಷ್ಟು ಸಲ ಹೇಳ್ಲಿ” ಎಂದು ಅವರು ಗದರುವರು.

ಈ ವರ್ಷವೂ ಪಾಠ ಬಂತು. ಕ್ಯಾನು ಹೊರಗೆ ಬರಲಿಲ್ಲ. ಮೂಗು, ಶ್ವಾಸನಾಳ, ವಪೆ ಎಂದು ಮೇಡಂ ಪುಸ್ತಕ ನೋಡಿಕೊಂಡು ಓದುತ್ತಿದ್ದದ್ದು ನನ್ನ ಕೋಣೆಗೆ ಕೇಳುತ್ತಿತ್ತು. ಒಬ್ಬ ಹುಡುಗಿ ಕೇಳಿದಳು: “ಶ್ವಾಸಕೋಶದ ಗಾಳಿಗೂಡು ಹಾಳಾದ್ರೆ ಮತ್ತೆ ಬೆಳೆಯುತ್ತಾ ಮೇಡಂ?”

“ಇಲ್ಲ.”



ಅಂದು ಸಂಜೆ ಅವರ ಮನೆಗೆ ಹೋದೆ. ಗಂಡ ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದರು. ಮೂಗಿಗೆ ಆಮ್ಲಜನಕದ ಕೊಳವೆ, ಕಾಲಬುಡದಲ್ಲಿ ಗುಂಯ್‌ಗುಡುವ ಯಂತ್ರ. ಮೇಡಂ ಚಹಾ ಮಾಡಲು ಒಳಗೆ ಹೋದದ್ದೇ ತಡ, ಅವರು ನನ್ನ ಮಣಿಕಟ್ಟು ಹಿಡಿದರು.

“ಮೇಷ್ಟ್ರೇ, ಆವತ್ತು ಪೂರ್ತಿ ಊದಿದ್ದೆ.” ಉಸಿರಿಗಾಗಿ ನಿಂತರು. “ಒಳಗೆ ಇನ್ನೇನೂ ಉಳಿದಿರಲಿಲ್ಲ. ಹೆದರಿಕೆಯಾಯ್ತು, ನಕ್ಕುಬಿಟ್ಟೆ.” ಮತ್ತೆ ನಿಂತರು. “ಕಲ್ಲು ಬಿಟ್ರೆ ಬೇರೆ ಏನ್ ಗೊತ್ತಿತ್ತು ನಂಗೆ? ಅವಳು ಕೇಳಿದ್ರೆ ಹುಡುಗಾಟ ಅಂತಾನೇ ಹೇಳಿ. ನಿಮ್ಮ ಮಾತು ನಂಬ್ತಾಳೆ.”

ಮೇಡಂ ತಂದ ಚಹಾ ಕುಡಿದು ಎದ್ದೆ. ತಪ್ಪು ಉತ್ತರ ಕೊಟ್ಟವನು ನಾನು, ಶಿಕ್ಷೆ ಆ ಇಬ್ಬರಿಗೆ.

ಬೀಳ್ಕೊಡಲು ಮೇಡಂ ಗೇಟಿನವರೆಗೆ ಬಂದರು.

“ಸರ್, ನಾನು ಒಳಗಿದ್ದಾಗ ಆವತ್ತಿನ ವಿಷಯ ಏನಾದ್ರೂ ಹೇಳಿದ್ರಾ?”

“ಹೇಳಿದ್ರು ಮೇಡಂ. ಬರೀ ಹುಡುಗಾಟ ಆಡಿದ್ದಂತೆ.”

ಪಾಠ ಒಪ್ಪಿಸುವ ಮಗುವನ್ನು ನೋಡುವ ಹಾಗೆ ಅವರು ನನ್ನನ್ನೇ ನೋಡಿದರು.

“ನಿಮಗೂ ಹೇಳ್ಕೊಟ್ರಾ ಸರ್?” ಎಂದು ಗೇಟು ಹಾಕಿಕೊಂಡು ಒಳಗೆ ಹೋದರು.