ಮಾವ ಅಳೆದ ಕೇಬಲ್

ಜನಕಪುರಿಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ತರಿಸಬೇಕೆಂದು ಎಲ್ಲರಿಗಿಂತ ಹೆಚ್ಚು ಓಡಾಡಿದವರು ನನ್ನ ಮಾವ. ಬೇಸಿಗೆಯ ಮಧ್ಯಾಹ್ನ ವೋಲ್ಟೇಜ್ ಬಿದ್ದು ಅತ್ತೆಯ ಕೋಣೆಯ ಎಸಿ ನಿಂತುಹೋಗುತ್ತಿತ್ತು. ಅತ್ತೆಗೆ ಉಬ್ಬಸ. ಸೆಕೆಯಲ್ಲಿ ಅವರು ಉಸಿರೆಳೆಯುವುದನ್ನು ಕೇಳುತ್ತಾ ಕೂರುವುದು ಮಾವನಿಂದ ಆಗುತ್ತಿರಲಿಲ್ಲ.

ಮಾವ ಕೇಂದ್ರ ಸರ್ಕಾರದ ನಿವೃತ್ತ ವಿದ್ಯುತ್ ಎಂಜಿನಿಯರ್. ನಾನೂ ಓಖ್ಲಾದ ಒಂದು ಕಚೇರಿಯಲ್ಲಿ ಅದೇ ಕೆಲಸ ಮಾಡುವವಳು. ಟ್ರಾನ್ಸ್‌ಫಾರ್ಮರ್ ದೊಡ್ಡದಾದರೆ ಶಾರ್ಟ್ ಸರ್ಕ್ಯೂಟ್ ಆದಾಗ ನುಗ್ಗುವ ಕರೆಂಟೂ ದೊಡ್ಡದು. ಅದನ್ನು ಕಡಿಯುವ ತಾಕತ್ತು ಪ್ಯಾನೆಲ್‌ನ ಬ್ರೇಕರ್‌ಗೆ ಇಲ್ಲದಿದ್ದರೆ ಅದೇ ಸಿಡಿಯುತ್ತದೆ. ನಮ್ಮ ಹಳೆಯ ಬ್ರೇಕರ್ ತಡೆಯುವುದು ಇಪ್ಪತ್ತೈದು ಸಾವಿರ ಆಂಪಿಯರ್. ಅದು ಸಾಕೇ ಎಂದು ಲೆಕ್ಕ ಮಾಡಿ ಸಹಿ ಹಾಕುವ ಕೆಲಸ ನನ್ನ ತಲೆಗೆ ಬಂತು.

ಊಟದ ಮೇಜಿನ ಮೇಲೆ ಮಾವನ ಹಳೆಯ ವಿಧಾನದಲ್ಲೇ ಶುರು ಮಾಡಿದೆ: ಟ್ರಾನ್ಸ್‌ಫಾರ್ಮರಿನ ಪೂರ್ಣ ಕರೆಂಟನ್ನು ಅದರ ಶೇಕಡಾ ಇಂಪೀಡೆನ್ಸಿನಿಂದ, ಅಂದರೆ ಅದರೊಳಗಿನ ತಡೆಯಿಂದ ಭಾಗಿಸು, ಮಿಕ್ಕಿದ್ದನ್ನೆಲ್ಲ ಮರೆತುಬಿಡು. ಇಪ್ಪತ್ತೆಂಟು ಸಾವಿರದ ಹತ್ತಿರ ಬಂತು. ಮಾವನ ಮುಖ ಸಪ್ಪಗಾಯಿತು.

"ಕೇಬಲ್ ಲೆಕ್ಕಕ್ಕೆ ತಗೊಂಡಿಲ್ಲ ನೀನು," ಎಂದರು.

ಟ್ರಾನ್ಸ್‌ಫಾರ್ಮರಿನಿಂದ ಪ್ಯಾನೆಲ್‌ಗೆ ಬರುವ ಕೇಬಲ್ ಉದ್ದವಾದಷ್ಟೂ ಆ ಕರೆಂಟ್ ತಗ್ಗುತ್ತದೆ, ನಿಜ. ಆದರೆ ಇಷ್ಟು ವರ್ಷ ಅತಿ ಕೆಟ್ಟದ್ದನ್ನೇ ಹಿಡಿದು ಲೆಕ್ಕ ಮಾಡು ಎಂದು ನನ್ನ ಪ್ರಾಣ ತಿಂದ ಮನುಷ್ಯ ಈಗ ಟೇಪು ಹಿಡಿದು ಕೆಳಗಿಳಿದರು. ಒಂದೊಂದು ತಿರುವನ್ನೂ ಬಿಡದೆ ಅಳೆದು, ಬೆವರು ಒರೆಸಿಕೊಳ್ಳುತ್ತಾ ಬಂದು ಉದ್ದ ಹೇಳಿದರು. ಉತ್ತರ ಇಪ್ಪತ್ತೈದು ಸಾವಿರಕ್ಕಿಂತ ಕೂದಲೆಳೆಯಷ್ಟು ಕೆಳಗಿಳಿಯಿತು. ಮಾವ ಮಗುವಿನ ಹಾಗೆ ನನ್ನ ಮುಖ ನೋಡಿದರು. ನನಗೆ ಮೊದಲು ಸಿಟ್ಟು ಬಂತು, ಅದರ ಹಿಂದೆಯೇ ತಡೆಯಲಾರದಷ್ಟು ಪ್ರೀತಿ ಬಂತು.

"ಮಾವ, ಲಿಫ್ಟು, ಪಂಪುಗಳ ಮೋಟರು?" ಎಂದಷ್ಟೇ ಕೇಳಿದೆ.

ಶಾರ್ಟ್ ಆದ ಕ್ಷಣದಲ್ಲಿ ತಿರುಗುತ್ತಿರುವ ಮೋಟರುಗಳೂ ತಮ್ಮ ಪಾಲಿನ ಕರೆಂಟನ್ನು ಅಲ್ಲಿಗೇ ಹರಿಸುತ್ತವೆ. ಇದನ್ನು ನನಗೆ ಕಲಿಸಿದ್ದೇ ಅವರು. ಮಾವ ಪೆನ್ನು ತೆಗೆದುಕೊಂಡು ತಾವೇ ಕೂಡಿದರು. ಉತ್ತರ ಮತ್ತೆ ಇಪ್ಪತ್ತೈದು ಸಾವಿರ ದಾಟಿತು.

ಭಾನುವಾರದ ಸಭೆಯಲ್ಲಿ, ಪ್ಯಾನೆಲ್ ಬದಲಾಗುವ ತನಕ ಟ್ರಾನ್ಸ್‌ಫಾರ್ಮರ್ ಬೇಡವೆಂದು ಮಾವನೇ ಎದ್ದು ಹೇಳಿದರು. ಇಷ್ಟು ದಿನ ತಲೆ ತಿಂದದ್ದು ಅಂಕಲ್‌ಜೀಯೇ ಅಲ್ಲವೇ ಎಂದು ಜನ ಗೊಣಗಿದರು. ಮನೆಗೆ ಬಂದ ಮೇಲೆ, ಈ ಬೇಸಿಗೆಯೂ ಹೀಗೇ ಎಂದು ಅತ್ತೆಗೆ ಹೇಳಲಾರದೆ ಮಾವ ಬಾಲ್ಕನಿಗೆ ಹೋಗಿ ನಿಂತುಕೊಂಡರು. ಕೊನೆಗೆ ನಾನೇ ಅತ್ತೆಗೆ ಎಲ್ಲವನ್ನೂ ಹೇಳಿದೆ, ಟೇಪು ಹಿಡಿದು ಅಳೆದದ್ದನ್ನೂ ಬಿಡಲಿಲ್ಲ.

ಅತ್ತೆ ಬಾಲ್ಕನಿಯ ಕಡೆ ತಿರುಗಿ ನೋಡಿದರು.

"ಮದುವೆಯಾದಾಗಿಂದ ನೋಡ್ತಿದೀನಿ, ಲೆಕ್ಕದಲ್ಲಿ ಯಾರಿಗೂ ಒಂದು ಚೂರು ಬಿಟ್ಟುಕೊಟ್ಟೋರಲ್ಲ," ಎಂದರು. "ನನಗೋಸ್ಕರ ಲೆಕ್ಕ ಬಗ್ಗಿಸೋಕೆ ಹೋದ್ರಾ?"

ಆಮೇಲೆ ನನ್ನ ಕೈಯಲ್ಲಿ ಕುರ್ಚಿಯೊಂದನ್ನು ಬಾಲ್ಕನಿಗೆ ಹಾಕಿಸಿಕೊಂಡು, ಮಾವನ ಪಕ್ಕ ಹೋಗಿ ಕೂತರು.