ಟೇಪು ಸುತ್ತಿದ ವೈರು

ಎದುರುಮನೆಯ ಮಾಮಿಯ ಮಿಕ್ಸಿ ಬೆಳಿಗ್ಗೆ ಚಟ್ನಿಯ ನಡುವೆ ನಿಂತುಹೋಯಿತಂತೆ. ಅವರ ಅಡುಗೆಮನೆಯಲ್ಲಿ ಕೂತು ತಳ ಬಿಚ್ಚಿದೊಡನೆ ಸುಟ್ಟ ಕಾರ್ಬನ್ ವಾಸನೆ ಮೂಗಿಗೆ ಬಡಿಯಿತು. ನಿಮಗದು ಬರೀ ಸುಟ್ಟ ವಾಸನೆ. ನನಗೆ ಅದರಲ್ಲಿ ಸಾಗವಾನಿ ಹೊಟ್ಟಿನ ವಾಸನೆಯೂ ಬೆರೆತಿರುತ್ತದೆ, ಜೊತೆಗೆ ಒಂದಿಷ್ಟು ನಾಚಿಕೆ.

ತೊಂಬತ್ತರ ದಶಕದ ಕೊನೆಯ ಮಾತು, ಈ ತಮಿಳು ಊರಿಗೆ ನಾನು ಹೊಸಬ. ಮಣಲಿಯ ಒಂದು ಕಾರ್ಖಾನೆಯಲ್ಲಿ ನಾನು ಎಲೆಕ್ಟ್ರಿಷಿಯನ್, ಮಾಧವರಂನಲ್ಲಿ ಒಂಟಿ ರೂಮು. ವಾರವೆಲ್ಲ ತಮಿಳು, ಅದೂ ನನ್ನ ತಮಿಳು. ಕೇಳಿದವರು ಪಾಪ, ಇಂಗ್ಲಿಷಿಗೆ ಓಡುತ್ತಿದ್ದರು. ಭಾನುವಾರ ಅದೂ ಇಲ್ಲ. ನಾನು ಊಟ ಮಾಡುವ ಹೋಟೆಲಿನ ಉಡುಪಿ ಕಡೆಯ ಕ್ಯಾಷಿಯರ್ ಒಂದು ದಿನ, "ನಮ್ಮ ಆಚಾರ್ರ ಮಷಿನ್ ಕೆಟ್ಟಿದೆ, ಒಮ್ಮೆ ನೋಡ್ತೀರಾ?" ಎಂದರು.

ಆಚಾರ್ರು ಹೋಟೆಲುಗಳಿಗೆ ಮೇಜು ಮಾಡಿಕೊಡುವ ಬಡಗಿ. ಶೆಡ್ಡಿನಲ್ಲಿ ಒಬ್ಬರೇ. ಕೆಟ್ಟದ್ದು ಅವರ ರೌಟರ್, ಮರದ ಅಂಚಿಗೆ ಗೀರು, ತಿರುವು ಕೊರೆಯುವ ಕೈಮಷಿನ್ನು. ಮೊದಲ ಭಾನುವಾರ, ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿತ್ತು, ಬದಲಿಸಿದೆ. ಎರಡನೆಯ ಭಾನುವಾರ ಸ್ವಿಚ್ಚಿನೊಳಗೆ ಸೇರಿದ್ದ ಹೊಟ್ಟು ಊದಿ ತೆಗೆದೆ. ಎರಡು ಸಲವೂ ಚಹಾ, ಆಮೇಲೆ ಮೂರು ಗಂಟೆ ಕನ್ನಡ. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ಜಗಳವೇ ಒಂದು ಮಧ್ಯಾಹ್ನವನ್ನು ನುಂಗಿತು.

ಮೂರನೆಯ ಸಲ, ವೈರನ್ನು ಮಷಿನ್ನಿನ ಬುಡದಲ್ಲಿ ಬಾಗಿಸಿದರೆ ಓಡುತ್ತಿತ್ತು, ನೆಟ್ಟಗಾದರೆ ನಿಲ್ಲುತ್ತಿತ್ತು. ಒಳಗೆ ತಂತಿ ತುಂಡಾಗಿದೆ ಎಂದು ಆಗಲೇ ತಿಳಿಯಿತು. ಹೊಸ ವೈರು ಹಾಕಲು ಕಾಲುಗಂಟೆ ಸಾಕು. ಆದರೆ ಹಾಕಿಬಿಟ್ಟರೆ ಮುಂದಿನ ಭಾನುವಾರ ಏನು ಮಾಡಲಿ? ನಮ್ಮ ಮೈಸೂರು ಕಡೆಯವರ ಸಂಕೋಚ ನಿಮಗೆ ಗೊತ್ತಲ್ಲ. ಕೆಲಸವಿಲ್ಲದೆ ಇನ್ನೊಬ್ಬರ ಬಾಗಿಲಿಗೆ ಹೋಗುವುದಿಲ್ಲ, ಕೆಲಸ ಮುಗಿದ ಮೇಲೆ ಕೂರುವುದಿಲ್ಲ. ವೈರನ್ನು ಬಾಗಿಸಿ ಕಪ್ಪು ಟೇಪು ಸುತ್ತಿದೆ.

"ಇನ್ನು ತೊಂದ್ರೆ ಇಲ್ವಾ?" ಎಂದರು ಆಚಾರ್ರು.

"ಮತ್ತೆ ನಿಂತ್ರೆ ಹೇಳಿ ಕಳ್ಸಿ."

ನಿಂತಿತು. ಹೇಳಿ ಕಳಿಸಿದರು. ಹೀಗೆ ನಾಲ್ಕು ವಾರ ನಡೆಯಿತು. ಪ್ರತಿ ಸಲವೂ ಹೊಸ ಟೇಪು.

ಐದನೆಯ ವಾರ ಹೋದಾಗ ಅವರ ಎಡಗೈಗೆ ದಪ್ಪ ಬ್ಯಾಂಡೇಜು. ಕೆಲಸದ ನಡುವೆ ಮಷಿನ್ ನಿಂತಿತ್ತು. ಸತ್ತೇ ಹೋಯಿತೆಂದುಕೊಂಡು, ಸ್ವಿಚ್ ಆರಿಸದೆ, ಪ್ಲಗ್ ಕೀಳದೆ ಅದರ ಅಲಗು ಬಿಚ್ಚಲು ಹೋಗಿದ್ದರು. ವೈರು ಬಾಗಿತು, ಮಷಿನ್ ತಿರುಗಿತು. ಉಂಗುರ ಬೆರಳಿನ ತುದಿ ಹೋಗಿತ್ತು.

ಉಂಡ ಮನೆಗೆ ಎರಡು ಬಗೆದಿದ್ದೆ. ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ. ಬಲಗೈಯಿಂದ ಆ ಟೇಪನ್ನು ಬಿಚ್ಚತೊಡಗಿದರು.

"ಸುಮ್ನೆ ಬರ್ಲಿಕ್ಕೆ ಆಗ್ತಿರ್ಲಿಲ್ವಾ ಮಾರಾಯ್ರೆ? ರಿಪೇರಿ ಇಲ್ದಿದ್ರೆ ನಾನು ಚಾ ಕೊಡ್ತಿರ್ಲಿಲ್ವಾ?"

ಅವತ್ತು ಇಡೀ ವೈರು ಬದಲಿಸಿ, ಹತ್ತು ಸಲ ಎಳೆದು ನೋಡಿ ಬಂದೆ. ಮುಂದಿನ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಅವರ ಬೀದಿಯ ತಿರುವಿನವರೆಗೆ ಹೋದೆ. ಕೈಯಲ್ಲಿ ಸ್ಕ್ರೂಡ್ರೈವರ್ ಇಲ್ಲದೆ ಕಾಲು ಮುಂದೆ ಬರಲಿಲ್ಲ. ಇಂದು ನಾಳೆ ಎನ್ನುತ್ತ ವರ್ಷವೇ ಕಳೆಯಿತು. ಕೊನೆಗೂ ಹೋದಾಗ ಶೆಡ್ಡಿನಲ್ಲಿ ಯಾರೋ ಟೈರು ಜೋಡಿಸುತ್ತಿದ್ದರು. ಆಚಾರ್ರು ಊರಿಗೆ ಹೋದರಂತೆ. ವಿಳಾಸ ಕ್ಯಾಷಿಯರ್‌ಗೂ ಗೊತ್ತಿರಲಿಲ್ಲ. ಈ ಊರಿನಲ್ಲಿ ಅವತ್ತಿನಷ್ಟು ಒಂಟಿಯಾಗಿ ನಾನು ಮತ್ತೆಂದೂ ರೂಮಿಗೆ ಮರಳಿಲ್ಲ.

ಮಾಮಿಯ ಮಿಕ್ಸಿಗೆ ಬ್ರಷ್ ಹಾಕಿದ್ದಾಯಿತು. ವೈರು ಎಳೆದು ನೋಡಿದರೆ ಅದೂ ಬುಡದಲ್ಲಿ ತುಂಡು. ಪಕ್ಕದಲ್ಲಿ ನನ್ನ ಖಾಲಿ ಕಾಫಿ ಲೋಟ. ಹೇಳಲು ನಾಚಿಕೆ, ಕೈ ತಾನಾಗಿ ಟೇಪಿನ ಕಡೆಗೇ ಹೋಯಿತು. ಹಿಂದಕ್ಕೆಳೆದುಕೊಂಡು ಹೊಸ ವೈರು ಹಾಕಿದೆ. ಇನ್ನು ಇದು ಕೆಡುವುದಿಲ್ಲ ಎಂದೆ. ಬಾಗಿಲವರೆಗೆ ಹೋದವನು ತಿರುಗಿ ನಿಂತೆ.

"ಮಾಮಿ, ನಾಳೈಕ್ಕು ಸುಮ್ಮಾ ಕಾಫಿಕ್ಕು ವರಟ್ಟುಮಾ?"

ನಾಳೆ ಸುಮ್ಮನೆ ಕಾಫಿಗೆ ಬರಲಾ ಅಂತಲೂ ಕೇಳಬೇಕಾ ಎಂದು ಮಾಮಿ ನಕ್ಕರು.

ಕೇಳಬೇಕಿತ್ತು ಮಾಮಿ, ಇಪ್ಪತ್ತೈದು ವರ್ಷದ ಹಿಂದೆಯೇ ಕೇಳಬೇಕಿತ್ತು.